ಬಿಸಿಲಿಗೊಲಿಯುವ ಬಿದಿರು ಆರ್ಕಿಡ್

ಬಿದಿರು ಆರ್ಕಿಡ್ ಮಣ್ಣಿನಲ್ಲಿ ಬೇರೂರಿ, ತೆರೆದ ಬಿಸಿಲಿನಲ್ಲಿ ಬೆಳೆದು, ವರ್ಷದ ಬಹುಭಾಗ ಹೂ ಕೊಡುವ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅರುಂಡಿನ ಗ್ರಾಮಿನಿಫೋಲಿಯ. ಆರ್ಕಿಡ್ ಕುಟುಂಬದಲ್ಲಿ ಸುಮಾರು 28,000 ಪ್ರಭೇದಗಳಿವೆ. ಅವುಗಳಲ್ಲಿ ಹೆಚ್ಚಿನವು ಮರದ ಕೊಂಬೆಗಳನ್ನು ಅಪ್ಪಿಕೊಂಡು, ಎಲೆಗಳ ನಡುವೆ ಸೋಸಿ ಬಂದ ಬೆಳಕಿನಲ್ಲಿ ಬದುಕುವಂಥವು. ಮಲೆನಾಡಿನ ಹಲಸು, ಮಾವಿನ ಮರಗಳ ಮೇಲೆ ಕಾಣುವ ಸೀತಾಳೆ ದಂಡೆ ಆ ಬಗೆಯದು. ಆರ್ಕಿಡ್ ಸಾಕಲು ನೆರಳಿನ ಬಲೆ, ಇದ್ದಿಲು, ತೂಗುಬುಟ್ಟಿ ಬೇಕು ಎಂಬ ತಿಳಿವಳಿಕೆ ಬಂದಿರುವುದು ಇಂಥ ಗಿಡಗಳಿಂದಲೇ. ಬಿದಿರು ಆರ್ಕಿಡ್‌ಗೆ ಈ ನಿಯಮಗಳು ಹೊಂದುವುದಿಲ್ಲ. ದಾಸವಾಳವೋ ಕನಕಾಂಬರವೋ ಬೆಳೆಯುವ ಅಂಗಳದಲ್ಲಿ, ಅದೇ ಬಿಸಿಲಿನಲ್ಲಿ, ಇದನ್ನೂ ಬೆಳೆಯಬಹುದು. ಬಿಸಿಲು, ನಿಲ್ಲದೆ ಬಸಿದು ಹೋಗುವ ನೀರು, ಕದಲಿಸದ ಬೇರು, ಈ ಮೂರು ಸಿಕ್ಕರೆ ಗಿಡಕ್ಕೆ ಬೇಕಾದ ಮುಖ್ಯವಾದದ್ದೆಲ್ಲ ಸಿಕ್ಕಂತೆ.

ಈ ಗಿಡದ ತವರು ವಿಶಾಲವಾದದ್ದು. ಭಾರತ, ಶ್ರೀಲಂಕಾ, ನೇಪಾಳಗಳಿಂದ ಹಿಡಿದು ಮ್ಯಾನ್ಮಾರ್, ದಕ್ಷಿಣ ಚೀನಾ, ಥಾಯ್ಲೆಂಡ್, ವಿಯೆಟ್ನಾಂ, ಮಲೇಷ್ಯಾ, ಇಂಡೋನೇಷ್ಯಾಗಳವರೆಗೆ ಅದು ಹರಡಿದೆ. ಭಾರತದಲ್ಲಿ ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳು ಮತ್ತು ಪಶ್ಚಿಮ ಘಟ್ಟಗಳಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ದಟ್ಟ ಕಾಡಿನ ಒಳಗೆ ಇದು ಸಿಗುವುದಿಲ್ಲ. ಹುಲ್ಲುಗಾವಲು, ಹೊಳೆದಂಡೆ, ಬೆಟ್ಟದ ತೆರೆದ ಇಳಿಜಾರು, ರಸ್ತೆಗಾಗಿ ಕಡಿದ ಮಣ್ಣಿನ ದರೆ, ಇಂಥ ಕಡೆ ಹುಲ್ಲಿನ ನಡುವೆ ತಲೆ ಎತ್ತಿ ನಿಂತಿರುತ್ತದೆ.

ಸಸ್ಯಶಾಸ್ತ್ರಜ್ಞ ಡೇವಿಡ್ ಡಾನ್ 1825ರಲ್ಲಿ ನೇಪಾಳದ ಮಾದರಿಯನ್ನು ನೋಡಿ ಇದನ್ನು ಬೇರೊಂದು ಕುಲದ ಹೆಸರಿನಲ್ಲಿ ವಿವರಿಸಿದರು. ಅದೇ ವರ್ಷ ಜಾವಾದ ಸಸ್ಯಗಳನ್ನು ಅಧ್ಯಯನ ಮಾಡುತ್ತಿದ್ದ ಬ್ಲೂಮ್ ಅರುಂಡಿನ ಎಂಬ ಕುಲವನ್ನು ಸ್ಥಾಪಿಸಿದರು. ಈ ಎರಡನ್ನೂ ಸೇರಿಸಿ ಇಂದು ಬಳಕೆಯಲ್ಲಿರುವ ಹೆಸರನ್ನು 1910ರಲ್ಲಿ ಹಾಕ್ರಾಯ್ಟಿನರ್ ಕೊಟ್ಟರು.

ಬರಡು ನೆಲವನ್ನು ಹಿಡಿಯುವುದರಲ್ಲಿ ಇದು ಗಟ್ಟಿಗ. ಇಂಡೋನೇಷ್ಯಾದ ಕ್ರಕಟೋವ ದ್ವೀಪದಲ್ಲಿ 1883ರ ಆಗಸ್ಟ್ ತಿಂಗಳಲ್ಲಿ ಭೀಕರವಾಗಿ ಜ್ವಾಲಾಮುಖಿ ಸಿಡಿದು ಅಲ್ಲಿನ ಹಸಿರೆಲ್ಲ ಬೂದಿಯ ಅಡಿಗೆ ಸೇರಿತು. 1897ರಲ್ಲಿ ಅಲ್ಲಿಗೆ ಹೋದ ಸಸ್ಯಶಾಸ್ತ್ರಜ್ಞರು ಮರಳಿ ಬಂದ ಸಸ್ಯಗಳನ್ನು ಪಟ್ಟಿ ಮಾಡಿದಾಗ ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳೂ ಅದರಲ್ಲಿದ್ದವು; ಬಿದಿರು ಆರ್ಕಿಡ್ ಅವುಗಳಲ್ಲೊಂದು. ಮನುಷ್ಯರ ಮೂಲಕ ಹವಾಯಿ ದ್ವೀಪಗಳನ್ನು ಸೇರಿದ ಇದು ಅಲ್ಲಿಯೂ ಕಾಡುಗಿಡವಾಗಿಬಿಟ್ಟಿದೆ. ಕಿಲಾವಿಯ ಜ್ವಾಲಾಮುಖಿಯ ಸುತ್ತ ಗಂಧಕದ ಹಬೆ ಏಳುವ ಜಾಗದ ಬಳಿಯೂ ಇದರ ಹೂಗಳು ಕಾಣುತ್ತವೆ. ತೆರೆದ ಬಿಸಿಲು, ತೇವವಿದ್ದರೂ ನೀರು ನಿಲ್ಲದ ಸಡಿಲ ನೆಲ, ಎತ್ತರದ ಪೈಪೋಟಿಗಾರರಿಲ್ಲದ ಜಾಗ ಇದಕ್ಕೆ ಇಷ್ಟ ಎಂಬುದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಬೆಳೆಯುವವರು ಒದಗಿಸಬೇಕಾದದ್ದೂ ಇದನ್ನೇ.

ಹೂವಿಲ್ಲದಾಗ ಈ ಗಿಡವನ್ನು ಆರ್ಕಿಡ್ ಎಂದು ಗುರುತಿಸುವುದು ಕಷ್ಟ. ನೆಲದೊಳಗಿನ ಬೇರುಕಾಂಡದಿಂದ ತೆಳುವಾದ, ಗಟ್ಟಿಯಾದ, ಗೆಣ್ಣು ಗೆಣ್ಣಾದ ದಂಟುಗಳು ಒತ್ತೊತ್ತಾಗಿ ಮೇಲೇಳುತ್ತವೆ. ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್ ಎತ್ತರ. ಒಳ್ಳೆಯ ಜಾಗದಲ್ಲಿ ಅದಕ್ಕಿಂತ ತುಸು ಹೆಚ್ಚು. ದಂಟಿನ ಎರಡೂ ಬದಿಗೆ ಹುಲ್ಲಿನಂಥ ಕಿರಿದಾದ, ಉದ್ದನೆಯ ಎಲೆಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಹೊಳೆಯಂಚಿನ ಬಂಡೆಗಳ ನಡುವೆ ಬೆಳೆಯುವ ಕುಳ್ಳ ರೂಪವೂ ಒಂದುಂಟು. ಪ್ರವಾಹ ಬಂದಾಗ ನೀರಿಗೆ ತಡೆಯಾಗದಂತೆ ಅದರ ಎಲೆಗಳು ಇನ್ನಷ್ಟು ಕಿರಿದಾಗಿವೆ.

ಅನೇಕ ಆರ್ಕಿಡ್‌ಗಳಲ್ಲಿ ದಂಟಿನ ಬುಡ ಗೆಡ್ಡೆಯಂತೆ ಉಬ್ಬಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಂಡಿರುತ್ತದೆ. ಬಿದಿರು ಆರ್ಕಿಡ್‌ಗೆ ಹೇಳಿಕೊಳ್ಳುವಂಥ ಉಗ್ರಾಣವಿಲ್ಲ. ಎಲೆಯೂ ತೆಳು. ದಪ್ಪ ಎಲೆಯ ವ್ಯಾಂಡ, ಫೆಲನಾಪ್ಸಿಸ್ ಮೊದಲಾದವು ರಾತ್ರಿಯ ತಂಪಿನಲ್ಲಿ ಪತ್ರರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಹಗಲು ಮುಚ್ಚಿಕೊಂಡು ನೀರನ್ನು ಉಳಿಸುತ್ತವೆ. ಬಿದಿರು ಆರ್ಕಿಡ್ ಸಾಮಾನ್ಯ ಹುಲ್ಲು, ಗಿಡಗಳಂತೆ ಹಗಲಿನಲ್ಲೇ ರಂಧ್ರಗಳನ್ನು ತೆರೆಯುತ್ತದೆ. ಹಾಗಾಗಿ ಬಿಸಿಲು ಹೆಚ್ಚಾದಷ್ಟೂ ಅದು ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ಈ ಗಿಡಕ್ಕೆ ಬಿಸಿಲು ಎಷ್ಟು ಬೇಕೋ ಬುಡದ ತೇವವೂ ಅಷ್ಟೇ ಬೇಕು ಎನ್ನುವುದಕ್ಕೆ ಕಾರಣ ಇದು. ಮರದ ಆರ್ಕಿಡ್‌ನಂತೆ ಇದನ್ನು ಒಣಗಿಸಿ ಒಣಗಿಸಿ ನೀರು ಕೊಟ್ಟರೆ ಗಿಡ ಸೊರಗುತ್ತದೆ.

ಹೂ ಬಿಡುವುದು ದಂಟಿನ ತುದಿಯಲ್ಲಿ. ಒಂದೊಂದು ಹೂವಿನ ಅಗಲ ಸುಮಾರು 5ರಿಂದ 8 ಸೆಂಟಿಮೀಟರ್. ಹೊರದಳ, ಒಳದಳಗಳು ತಿಳಿ ನೇರಳೆಯಿಂದ ಬಿಳಿಯವರೆಗೆ ಇರುತ್ತವೆ. ಆರ್ಕಿಡ್ ಹೂವಿನ ವಿಶೇಷವಾದ ತುಟಿದಳ ಇಲ್ಲಿ ಕಹಳೆಯಂತೆ ಸುರುಳಿಗೊಂಡು ಮುಂದಕ್ಕೆ ಚಾಚಿದೆ. ಅದರ ಅಂಚು ಗಾಢ ಕೆನ್ನೇರಳೆ, ಗಂಟಲಿನಲ್ಲಿ ಹಳದಿ ಛಾಯೆ. ಪೂರ್ತಿ ಬಿಳಿ ಹೂವಿನ ತಳಿಯೂ ತೋಟಗಳಲ್ಲಿದೆ. ಹೂವಿನೊಳಗೆ ಕೇಸರ ಮತ್ತು ಶಲಾಕೆಗಳು ಕೂಡಿ ಒಂದೇ ಸ್ತಂಭವಾಗಿರುತ್ತವೆ. ಪರಾಗ ಪುಡಿಯಾಗಿ ಉದುರದೆ ಎಂಟು ಪುಟ್ಟ ಉಂಡೆಗಳಾಗಿ ಅಂಟಿಕೊಂಡಿರುತ್ತದೆ. ತುಟಿದಳದ ಕಹಳೆಯೊಳಗೆ ನುಗ್ಗುವ ದುಂಬಿ, ಜೇನುಜಾತಿಯ ಕೀಟಗಳು ಹೊರಬರುವಾಗ ಈ ಉಂಡೆಗಳನ್ನು ಬೆನ್ನ ಮೇಲೆ ಹೊತ್ತು ಮುಂದಿನ ಹೂವಿಗೆ ಒಯ್ಯುತ್ತವೆ.

ಒಂದು ಹೂ ಬಾಳುವುದು ಎರಡು ಮೂರು ದಿನ ಮಾತ್ರ. ಅಂಗಡಿಯಲ್ಲಿ ಸಿಗುವ ಆರ್ಕಿಡ್ ಹೂಗಳು ವಾರಗಟ್ಟಲೆ ಉಳಿಯುವುದನ್ನು ಕಂಡವರಿಗೆ ಇದು ಕೊರತೆ ಎನಿಸಬಹುದು. ಆದರೆ ಅದೇ ತುದಿಯಲ್ಲಿ ಒಂದಾದ ಮೇಲೊಂದು ಮೊಗ್ಗು ಮೂಡುತ್ತ ತಿಂಗಳುಗಟ್ಟಲೆ ಹೂ ಅರಳುತ್ತಲೇ ಇರುತ್ತದೆ. ಇಪ್ಪತ್ತು ದಂಟುಗಳ ಒಂದು ಮೆಳೆಯಲ್ಲಿ ಬೆಚ್ಚಗಿನ ತಿಂಗಳುಗಳಲ್ಲಿ ಹೂವಿಲ್ಲದ ದಿನವೇ ಅಪರೂಪ. ಕೊಯ್ದು ಹೂದಾನಿಯಲ್ಲಿಡಲು ಈ ಹೂ ಒದಗುವುದಿಲ್ಲ. ಗಿಡದ ಮೇಲೆಯೇ ನೋಡಬೇಕಾದ ಹೂ ಇದು.

ಮೊಗ್ಗುಗಳ ಸುತ್ತ ಇರುವೆಗಳು ಓಡಾಡುವುದು ಸಾಮಾನ್ಯ. ಮೊಗ್ಗಿನ ಬಳಿ ಒಸರುವ ಸಿಹಿರಸಕ್ಕೆ ಅವು ಬರುತ್ತವೆ. ಎಲೆಯ ಕಂಕುಳಲ್ಲಿ ಬಿಳಿ ಹಿಟ್ಟಿನಂಥ ಕೀಟವೋ ಹೇನೋ ಕಾಣದಿದ್ದರೆ ಈ ಇರುವೆಗಳಿಂದ ಗಿಡಕ್ಕೆ ತೊಂದರೆಯಿಲ್ಲ. ಅವನ್ನು ಓಡಿಸಲು ಔಷಧಿ ಸಿಂಪಡಿಸಬೇಕಾಗಿಲ್ಲ.

ಗಿಡ ನೆಡುವ ಮುನ್ನ ಗೊತ್ತುಮಾಡಬೇಕಾದದ್ದು ಬೆಳಕು. ಹೂ ಬರುವುದೂ ಬಾರದಿರುವುದೂ ನಿರ್ಧಾರವಾಗುವುದು ಇಲ್ಲಿಯೇ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಪೂರ್ವಕ್ಕೋ ದಕ್ಷಿಣಕ್ಕೋ ತೆರೆದ ಅಂಗಳ, ತಾರಸಿ, ಕಾಂಪೌಂಡಿನ ಬದಿ ಸೂಕ್ತ. ಮರದಡಿಯಲ್ಲಿ, ಪೋರ್ಟಿಕೊ ಒಳಗೆ ಇಟ್ಟ ಗಿಡ ಸಾಯುವುದಿಲ್ಲ. ಕಡು ಹಸಿರಾಗಿ, ಸಪೂರವಾಗಿ ಉದ್ದಕ್ಕೆ ಬೆಳೆದು ವಾಲುತ್ತದೆ, ಹೂವನ್ನು ಮಾತ್ರ ಕೊಡುವುದಿಲ್ಲ. ಸರಿಯಾದ ಬೆಳಕು ಸಿಕ್ಕ ಗಿಡದ ಎಲೆ ತಿಳಿ ಹಸಿರಾಗಿ, ದಂಟು ಗಟ್ಟಿಯಾಗಿ ನೆಟ್ಟಗಿರುತ್ತದೆ.

ನರ್ಸರಿಗಳಲ್ಲಿ ಗಿಡಗಳನ್ನು ಬಹುಮಟ್ಟಿಗೆ ನೆರಳಿನ ಬಲೆಯಡಿ ಇಟ್ಟಿರುತ್ತಾರೆ. ಅಂಥ ಗಿಡವನ್ನು ತಂದ ದಿನವೇ ಸುಡುಬಿಸಿಲಿಗೆ ಇಟ್ಟರೆ ಎಲೆಗಳ ಮೇಲೆ ಬಿಳಿಚಿದ ಕಲೆಗಳಾಗಿ ಸುಟ್ಟು ಹೋಗುತ್ತವೆ. ಮೊದಲ ವಾರ ಬೆಳಗಿನ ಎಳೆಬಿಸಿಲು, ಎರಡನೆಯ ವಾರ ಹನ್ನೊಂದು ಗಂಟೆಯವರೆಗಿನ ಬಿಸಿಲು, ಆಮೇಲೆ ಪೂರ್ಣ ಬಿಸಿಲು ಎಂಬ ಕ್ರಮದಲ್ಲಿ ಒಗ್ಗಿಸಬೇಕು. ಹಳೆಯ ಎಲೆ ಸುಟ್ಟರೂ ಗಾಬರಿ ಬೇಡ. ಬಿಸಿಲಿನಲ್ಲೇ ಹುಟ್ಟಿದ ಹೊಸ ದಂಟಿನ ಎಲೆಗಳು ಅದನ್ನು ತಾಳಿಕೊಳ್ಳುತ್ತವೆ.

ಎರಡನೆಯದು ಮಣ್ಣು. ಸ್ವಲ್ಪ ಹುಳಿ ಗುಣದ, ಗಾಳಿಯಾಡುವ, ತೇವ ಹಿಡಿದಿಟ್ಟುಕೊಂಡರೂ ನೀರು ನಿಲ್ಲದ ಮಣ್ಣು ಬೇಕು. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕೊಳೆತ ತರಗೆಲೆಯ ಗೊಬ್ಬರ ಅಥವಾ ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು ಸೇರಿಸಿ, ಅದಕ್ಕೆ ಬೆರಳುಗಾತ್ರದ ಇಟ್ಟಿಗೆ ಚೂರು ಮತ್ತು ಇದ್ದಿಲನ್ನು ಹದವಾಗಿ ಬೆರೆಸಿದರೆ ಒಳ್ಳೆಯ ಮಿಶ್ರಣವಾಗುತ್ತದೆ. ಇಟ್ಟಿಗೆ ಚೂರನ್ನು ಕುಂಡದ ತಳಕ್ಕೆ ಮಾತ್ರ ಹಾಕುವುದಕ್ಕಿಂತ ಮಣ್ಣಿನ ಉದ್ದಕ್ಕೂ ಬೆರೆಸುವುದು ಮೇಲು. ಆಗ ಬೇರಿನ ಸುತ್ತಲೂ ಗಾಳಿಗೆ ಜಾಗವಿರುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಈ ಗಿಡಕ್ಕೆ ಹೇಳಿಮಾಡಿಸಿದಂಥದು. ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ಜಿಗುಟಾಗಿ, ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ನೇರವಾಗಿ ಅದರಲ್ಲಿ ನೆಡಬಾರದು. ಅಲ್ಲಿ ದೊಡ್ಡ ಕುಂಡವೇ ಸರಿ.

ಕುಂಡವಾದರೆ ಕನಿಷ್ಠ 12 ಇಂಚು ಬಾಯಗಲ, ಅಷ್ಟೇ ಆಳ ಇರಬೇಕು. ಗಿಡ ಎತ್ತರಕ್ಕೆ ಹೋಗುವುದರಿಂದ ಹಗುರವಾದ ಪ್ಲಾಸ್ಟಿಕ್ ಕುಂಡ ಗಾಳಿಗೆ ಉರುಳುತ್ತದೆ. ಮಣ್ಣಿನ ಅಥವಾ ಸಿಮೆಂಟಿನ ಕುಂಡ ನಿಲ್ಲುತ್ತದೆ. ತಳದಲ್ಲಿ ಎರಡು ಮೂರು ತೂತುಗಳಿರಬೇಕು, ಅಡಿಯಲ್ಲಿ ನೀರು ನಿಲ್ಲುವ ತಟ್ಟೆ ಇಡಬಾರದು. ನೆಲದಲ್ಲಿ ನೆಡುವುದಾದರೆ ಅರ್ಧ ಅಡಿ ಎತ್ತರದ ಏರುಮಡಿ ಮಾಡಬೇಕು. ಬೇಲಿಯ ಸಾಲಿನಂತೆ ನೆಡುವವರು ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಎರಡು ಮೂರು ವರ್ಷದಲ್ಲಿ ಸಾಲು ಕೂಡಿಕೊಳ್ಳುತ್ತದೆ.

ನೆಡಲು ಮಳೆಗಾಲದ ಆರಂಭವೇ ಪ್ರಶಸ್ತ. ಮೃಗಶಿರಾ ಮಳೆ ಹಿಡಿದು ನೆಲ ತಂಪಾದ ಮೇಲೆ, ಹೊಸ ಚಿಗುರು ಬುಡದಿಂದ ಇಣುಕುವ ಹೊತ್ತಿಗೆ ನೆಟ್ಟರೆ ಬೇರು ಬೇಗ ಹಿಡಿಯುತ್ತದೆ. ಬೇರುಕಾಂಡ ಮಣ್ಣಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರಬೇಕು. ಆಳಕ್ಕೆ ಹೂತರೆ ಚಿಗುರು ಕೊಳೆಯುತ್ತದೆ. ಬೇರೂರುವವರೆಗೆ ದಂಟುಗಳು ಅಲ್ಲಾಡದಂತೆ ಒಂದು ಗೂಟಕ್ಕೆ ಸಡಿಲವಾಗಿ ಕಟ್ಟಬೇಕು. ಬೇರನ್ನು ಕದಲಿಸುವುದು ಈ ಗಿಡಕ್ಕೆ ಹಿಡಿಸುವುದಿಲ್ಲ. ಸ್ಥಳ ಬದಲಿಸಿದ ಮೇಲೆ ಕೆಲವು ತಿಂಗಳು ಬೆಳೆಯದೆ ನಿಂತುಬಿಡುವುದುಂಟು. ಆಗ ಮತ್ತೆ ಕಿತ್ತು ನೋಡುವುದು, ಇನ್ನೊಂದು ಕಡೆ ನೆಡುವುದು ಗಿಡವನ್ನು ಕೊಂದಂತೆ. ಬುಡದಲ್ಲಿ ಹೊಸ ಚಿಗುರು ಕಾಣುವವರೆಗೆ ತಾಳ್ಮೆಯಿಂದ ತೇವ ಕಾಪಾಡಿದರೆ ಸಾಕು.

ನೀರಿನ ಲೆಕ್ಕ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ದಿನವೂ, ಬಿಸಿಲು ತೀರ ಹೆಚ್ಚಿದ್ದಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತೂ ನೀರು ಬೇಕು. ಚಳಿಗಾಲದಲ್ಲಿ ಮಣ್ಣಿನ ಮೇಲ್ಪದರ ಒಣಗಿದಾಗ ಕೊಟ್ಟರಾಯಿತು. ಮಳೆಗಾಲದಲ್ಲಿ ನೋಡಬೇಕಾದದ್ದು ನೀರು ಬಸಿದು ಹೋಗುತ್ತಿದೆಯೇ ಎಂಬುದನ್ನು ಮಾತ್ರ. ಬುಡಕ್ಕೆ ಒಣ ಹುಲ್ಲು, ತರಗೆಲೆ ಅಥವಾ ತೆಂಗಿನ ಸಿಪ್ಪೆಯ ಚೂರುಗಳ ಮುಚ್ಚಿಗೆ ಹಾಕಿದರೆ ತೇವ ಉಳಿಯುತ್ತದೆ, ಬೇರು ಕಾಯುವುದಿಲ್ಲ. ಬೆಂಗಳೂರು ಮತ್ತು ಬಯಲುಸೀಮೆಯ ಕೊಳವೆಬಾವಿಯ ನೀರು ಬಹಳ ಕಡೆ ಗಡಸಾಗಿರುತ್ತದೆ. ಅದನ್ನೇ ಸತತವಾಗಿ ಹಾಕಿದಾಗ ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಒಣಗುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಅದು ಶ್ರೇಷ್ಠ. ಇಲ್ಲದಿದ್ದರೆ ತಿಂಗಳಿಗೊಮ್ಮೆ ಕುಂಡದ ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ನೀರು ಹಾಕಿ ಉಪ್ಪನ್ನು ತೊಳೆಯಬೇಕು.

ಗೊಬ್ಬರದ ವಿಷಯದಲ್ಲಿ ಹದ ಮುಖ್ಯ. ಬೆಳೆಯುವ ತಿಂಗಳುಗಳಲ್ಲಿ ಪ್ರತಿ ತಿಂಗಳು ಒಂದು ಹಿಡಿ ಎರೆಹುಳು ಗೊಬ್ಬರವನ್ನು ಬುಡದ ಸುತ್ತ ಹಾಕಿ ಮುಚ್ಚಿಗೆಯಡಿ ಸೇರಿಸಬೇಕು. ಜೊತೆಗೆ 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಪ್ರಮಾಣದಲ್ಲಿ ಕಲಸಿ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಮಣ್ಣು ಒಣಗಿರುವಾಗ ಇದನ್ನು ಹಾಕಿದರೆ ಬೇರು ಸುಡುತ್ತದೆ. ಮೊದಲು ಸಾದಾ ನೀರು, ಆಮೇಲೆ ಗೊಬ್ಬರದ ನೀರು. ಹಸಿ ಸಗಣಿ ಹಾಕಬಾರದು. ಯೂರಿಯಾದಂಥ ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಹೂ ಕಡಿಮೆಯಾಗುತ್ತದೆ. ಚಳಿ ಹೆಚ್ಚಿರುವ ಡಿಸೆಂಬರ್, ಜನವರಿಯಲ್ಲಿ ಗೊಬ್ಬರ ನಿಲ್ಲಿಸಬೇಕು.

ಹೂ ಬಿಡಲಾರಂಭಿಸಿದ ಗಿಡದಲ್ಲಿ ಬಹಳ ಜನ ಮಾಡುವ ತಪ್ಪು ಕತ್ತರಿಯದು. ಹೂ ಬಾಡಿದೊಡನೆ ತುದಿಯನ್ನು ಕತ್ತರಿಸುವುದು ಗುಲಾಬಿಗೆ ಒಳ್ಳೆಯದು, ಇಲ್ಲಿ ಅದೇ ನಷ್ಟ. ಮುಂದಿನ ಮೊಗ್ಗುಗಳು ಮೂಡಬೇಕಾದದ್ದು ಆ ತುದಿಯಲ್ಲೇ. ಬಾಡಿದ ಹೂವನ್ನು ಮಾತ್ರ ಕೈಯಿಂದ ಬಿಡಿಸಿ ತೆಗೆಯಬೇಕು. ಹೂ ಮುಗಿಸಿದ ದಂಟನ್ನೂ ಹಸಿರಿರುವವರೆಗೆ ಬಿಡಬೇಕು. ಅದು ಬುಡಕ್ಕೆ ಆಹಾರ ಒದಗಿಸುತ್ತದೆ, ಮತ್ತು ಅದರ ಗೆಣ್ಣುಗಳಿಂದಲೇ ಹೊಸ ಮರಿಗಳು ಹುಟ್ಟುತ್ತವೆ. ಪೂರ್ತಿ ಒಣಗಿದ ದಂಟನ್ನು ಮಾತ್ರ ಬುಡಕ್ಕೆ ಕತ್ತರಿಸಿ ತೆಗೆಯಬಹುದು.

ಈ ಮರಿಗಳೇ ಮನೆಯಲ್ಲಿ ಗಿಡ ಹೆಚ್ಚಿಸುವ ಸುಲಭ ದಾರಿ. ಹಳೆಯ ದಂಟಿನ ಮೇಲ್ಭಾಗದ ಗೆಣ್ಣಿನಲ್ಲಿ ಪುಟ್ಟ ಗಿಡ ಮೂಡಿ, ಗಾಳಿಯಲ್ಲೇ ಬೇರು ಇಳಿಬಿಡುತ್ತದೆ. ಬೇರುಗಳು ಎರಡು ಅಂಗುಲ ಬೆಳೆದ ಮೇಲೆ ಮರಿಯನ್ನು ಬಿಡಿಸಿ ಚಿಕ್ಕ ಕುಂಡದಲ್ಲಿ ನೆಟ್ಟು, ಬೇರೂರುವವರೆಗೆ ಅರೆನೆರಳಿನಲ್ಲಿಡಬೇಕು. ಹೂ ಮುಗಿದ ದಂಟನ್ನು ಕತ್ತರಿಸಿ, ತೇವವಾದ ತೆಂಗಿನ ನಾರಿನ ಪುಡಿಯ ಮೇಲೆ ಅಡ್ಡಲಾಗಿ ಮಲಗಿಸಿಟ್ಟರೂ ಗೆಣ್ಣುಗಳಿಂದ ಮರಿ ಬರುತ್ತವೆ. ಇನ್ನೊಂದು ದಾರಿ ಮೆಳೆಯನ್ನು ಪಾಲು ಮಾಡುವುದು. ಮಳೆಗಾಲದ ಆರಂಭದಲ್ಲಿ ಹರಿತವಾದ, ಸ್ವಚ್ಛವಾದ ಚಾಕುವಿನಿಂದ ಬೇರುಕಾಂಡವನ್ನು ಕತ್ತರಿಸಿ, ಪ್ರತಿ ಪಾಲಿನಲ್ಲೂ ಮೂರರಿಂದ ಐದು ದಂಟುಗಳು ಮತ್ತು ಒಂದಾದರೂ ಹೊಸ ಚಿಗುರು ಉಳಿಯುವಂತೆ ನೋಡಿಕೊಳ್ಳಬೇಕು. ಒಂದೊಂದೇ ದಂಟಾಗಿ ಬಿಡಿಸಿದರೆ ಹೂವಿಗೆ ಬಹಳ ಕಾಲ ಕಾಯಬೇಕಾಗುತ್ತದೆ.

ಬೀಜದಿಂದ ಬೆಳೆಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಕಾಯಿಯೊಂದರಲ್ಲಿ ದೂಳಿನಷ್ಟು ಸಣ್ಣ ಬೀಜಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಗಾಳಿಯಲ್ಲಿ ಬಹುದೂರ ತೇಲಿ ಹೋಗುವಷ್ಟು ಅವು ಹಗುರ. ಆದರೆ ರಾಗಿ, ಭತ್ತದ ಕಾಳಿನಲ್ಲಿರುವಂತೆ ಮೊಳಕೆಗೆ ಬೇಕಾದ ಆಹಾರದ ದಾಸ್ತಾನು ಅವುಗಳಲ್ಲಿಲ್ಲ. ಆರ್ಕಿಡ್ ಬೀಜ ಮೊಳೆಯಲು ಮಣ್ಣಿನ ಒಂದು ಬಗೆಯ ಶಿಲೀಂಧ್ರದ ನೆರವು ಬೇಕೆಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದರು. ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಪೋಷಕ ಮಾಧ್ಯಮದಲ್ಲಿ ಬೀಜ ಮೊಳೆಯಿಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಗಾಜಿನ ಬಾಟಲಿಗಳೊಳಗೆ ಲಕ್ಷಾಂತರ ಆರ್ಕಿಡ್ ಸಸಿಗಳು ಬೆಳೆಯುವುದು ಆ ಶೋಧದ ಫಲ.

ರೋಗ, ಕೀಟಗಳ ಕಾಟ ಈ ಗಿಡಕ್ಕೆ ಕಡಿಮೆ. ಮಳೆಗಾಲದಲ್ಲಿ ಬಸವನಹುಳುಗಳು ಎಳೆ ಚಿಗುರನ್ನು ಮೇಯುತ್ತವೆ; ರಾತ್ರಿ ಹೊತ್ತು ಟಾರ್ಚ್ ಹಿಡಿದು ಆರಿಸಿ ತೆಗೆಯುವುದು ಪರಿಣಾಮಕಾರಿ. ಒಣಹವೆಯಲ್ಲಿ ಎಲೆಯ ಅಡಿಭಾಗಕ್ಕೆ ನುಸಿ ಹತ್ತಿ ಎಲೆ ಬೂದುಬಣ್ಣಕ್ಕೆ ತಿರುಗುತ್ತದೆ. ಎಲೆಗಳ ಅಡಿಗೆ ರಭಸವಾಗಿ ನೀರು ಚಿಮುಕಿಸಿದರೆ ಹತೋಟಿಗೆ ಬರುತ್ತದೆ. ಹಿಟ್ಟುತಿಗಣೆ, ಶಲ್ಕ ಕೀಟಗಳು ಎಲೆಯ ಕಂಕುಳಲ್ಲಿ ಸೇರಿಕೊಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಕಲಸಿ ಸಂಜೆ ಹೊತ್ತು ಸಿಂಪಡಿಸಬೇಕು. ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ. ಬುಡ ಕಪ್ಪಾಗಿ ಕೊಳೆಯುವುದು ನೀರು ನಿಂತಿರುವುದರ ಗುರುತು. ಅದಕ್ಕೆ ಔಷಧಿಗಿಂತ ಮೊದಲು ಬೇಕಾದದ್ದು ಬಸಿಗಾಲುವೆ.

ಕರ್ನಾಟಕದ ಹವೆಯಲ್ಲಿ ಪ್ರದೇಶಕ್ಕೆ ತಕ್ಕ ಹೊಂದಾಣಿಕೆ ಬೇಕು. ಕರಾವಳಿಯ ಸೆಕೆ ಮತ್ತು ತೇವ ಗಿಡಕ್ಕೆ ಒಗ್ಗುತ್ತವೆ. ಮಳೆಗಾಲದ ನೀರು ಹರಿದುಹೋಗುವಂತೆ ಏರುಮಡಿ ಮಾಡಿದರೆ ಸಾಕು. ಮಲೆನಾಡಿನಲ್ಲಿ ಅಡಿಕೆ, ಕಾಫಿ ತೋಟದ ನೆರಳನ್ನು ಬಿಟ್ಟು ಮನೆಯ ಮುಂದಿನ ತೆರೆದ ಜಾಗವನ್ನು ಆರಿಸಬೇಕು. ಬೆಂಗಳೂರು, ಮೈಸೂರುಗಳ ಹವೆ ಹಿತವಾದದ್ದು. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗಿ ಹೂ ಕಡಿಮೆಯಾಗುವುದು ಸಹಜ. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಗಾಳಿಗೆ ತೆಳು ಎಲೆ ತಾಳುವುದಿಲ್ಲ. ಅಲ್ಲಿ ಆ ಎರಡು ತಿಂಗಳು ಮಧ್ಯಾಹ್ನದ ಮೇಲೆ ನೆರಳು ಬೀಳುವಂತೆ ಕುಂಡವನ್ನು ಸರಿಸಿ, ಸುತ್ತಲ ನೆಲವನ್ನು ಒದ್ದೆಯಾಗಿಡಬೇಕು. ಹಿಮ ಬೀಳುವ ಊರುಗಳಲ್ಲಿ, ಹೊರದೇಶದ ಚಳಿ ಸೀಮೆಗಳಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಕುಂಡದಲ್ಲೇ ಬೆಳೆಸಿ, ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನ ಒಳಗೆ, ಬಿಸಿಲು ಬೀಳುವ ಕಿಟಕಿಯ ಬಳಿಗೆ ತರಬೇಕು.

ಕೊಳ್ಳುವಾಗ ಗಿಡವನ್ನು ಸರಿಯಾಗಿ ಗುರುತಿಸುವುದು ಒಳ್ಳೆಯದು. ನೆಲದ ಆರ್ಕಿಡ್ ಎಂಬ ಹೆಸರಿನಲ್ಲಿ ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಪಾಥೊಗ್ಲಾಟಿಸ್. ಅದೂ ಬಿಸಿಲನ್ನು ಸಹಿಸುವ, ಸುಲಭವಾಗಿ ಹೂ ಬಿಡುವ ಒಳ್ಳೆಯ ಗಿಡವೇ. ಆದರೆ ಅದರ ಎಲೆ ಅಗಲವಾಗಿ, ಉದ್ದಕ್ಕೂ ಮಡಿಕೆ ಮಡಿಕೆಯಾಗಿ, ನೆಲದ ಮಟ್ಟದ ಗೆಡ್ಡೆಯಿಂದಲೇ ಹೊರಡುತ್ತದೆ. ಹೂವಿನ ಕಡ್ಡಿ ಎಲೆಗಳ ಬದಿಯಿಂದ ಬೇರೆಯಾಗಿ ಏಳುತ್ತದೆ. ಎತ್ತರದ ಗೆಣ್ಣಿನ ದಂಟು, ಎರಡು ಸಾಲಿನ ಕಿರಿದಾದ ಎಲೆ, ದಂಟಿನ ತುದಿಯಲ್ಲೇ ಹೂ ಇದ್ದರೆ ಅದು ಬಿದಿರು ಆರ್ಕಿಡ್.

ಘಟ್ಟದ ಇಳಿಜಾರಿನಲ್ಲಿ ಕಂಡ ಗಿಡವನ್ನು ಕಿತ್ತು ತರುವ ಆಸೆಯನ್ನು ಬಿಡಲೇಬೇಕು. ಕಾಯ್ದಿಟ್ಟ ಅರಣ್ಯದಿಂದ ಗಿಡ ತೆಗೆಯುವುದು ಅಪರಾಧ. ಆರ್ಕಿಡ್ ಕುಟುಂಬ ಇಡಿಯಾಗಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ರಕ್ಷಣೆಯಲ್ಲಿದ್ದು, ದೇಶದಿಂದ ದೇಶಕ್ಕೆ ಒಯ್ಯಲು ಅನುಮತಿ ಪತ್ರ ಬೇಕು. ಕಾನೂನನ್ನು ಬದಿಗಿಟ್ಟರೂ, ಕಾಡಿನಿಂದ ಕಿತ್ತ ಗಿಡ ಬೇರಿನ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟ. ಅಲ್ಲಿಯೂ ಒಂದು ಮೆಳೆ ಹಾಳಾಗುತ್ತದೆ, ಇಲ್ಲಿಯೂ ಗಿಡ ಉಳಿಯುವುದಿಲ್ಲ. ನರ್ಸರಿಯಲ್ಲಿ ಬೆಳೆಸಿದ ಗಿಡ, ಅಥವಾ ಈಗಾಗಲೇ ಬೆಳೆಸಿರುವವರ ಮನೆಯ ಒಂದು ಮರಿ, ಇವೇ ಸರಿಯಾದ ಆರಂಭ. ಮೂರು ನಾಲ್ಕು ದಂಟುಗಳ ಪಾಲು ಚೆನ್ನಾಗಿ ಹಿಡಿದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಹೂ ಕಾಣುತ್ತದೆ. ಗೆಣ್ಣಿನ ಮರಿಗೆ ಒಂದೆರಡು ವರ್ಷ ಬೇಕಾಗಬಹುದು. ಒಮ್ಮೆ ನೆಲೆಯೂರಿದ ಮೆಳೆ ಕದಲಿಸದೆ ಬಿಟ್ಟರೆ ವರ್ಷದಿಂದ ವರ್ಷಕ್ಕೆ ದಂಟು ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ, ಮತ್ತು ನೆರೆಹೊರೆಗೆ ಹಂಚುವಷ್ಟು ಮರಿಗಳನ್ನೂ ಕೊಡುತ್ತದೆ.